ಮೀಟರ್ ನೋಡಿ ಎಫ್40 ಕೊಳ್ಳಬೇಡಿ

ಫೆರಾರಿ ಎಫ್40 ಕೊಳ್ಳಲು ಹೊರಟವರು ಮೊದಲು ಕೇಳುವುದು ಒಂದೇ: "ಎಷ್ಟು ಓಡಿದೆ?" ಮೂರು ಸಾವಿರ ಕಿಲೋಮೀಟರ್ ಅಂದರೆ ಮುಖ ಅರಳುತ್ತದೆ, ನಲವತ್ತು ಸಾವಿರ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಸೆಕೆಂಡ್ ಹ್ಯಾಂಡ್ ಸ್ವಿಫ್ಟ್‌ಗೆ ಈ ಪ್ರಶ್ನೆ ಸರಿ. 1987ರಿಂದ 1992ರ ನಡುವೆ ತಯಾರಾದ, ಈಗ ಮೂವತ್ತು ದಾಟಿದ ಕಾರಿಗೆ ಇದು ಅರ್ಧ ಪ್ರಶ್ನೆ ಮಾತ್ರ.

ಕಡಿಮೆ ಓಡಿದ್ದಕ್ಕೆ ಬೆಲೆ ಇಲ್ಲವೆಂದಲ್ಲ. 2021ರಲ್ಲಿ ಪೆಬಲ್ ಬೀಚ್ ಹರಾಜಿನಲ್ಲಿ 400 ಕಿ.ಮೀ. ಕೂಡ ಓಡದ ಮೆಕ್‌ಲಾರೆನ್ ಎಫ್1 ಎಂಬ ರಸ್ತೆ ಕಾರು ಎರಡು ಕೋಟಿ ಡಾಲರ್ ದಾಟಿತು. ಅಂಥದ್ದನ್ನು ನಿಲ್ಲಿಸಿಡಲೆಂದೇ ಕೊಳ್ಳುವವರಿದ್ದಾರೆ, ಅವರ ಲೆಕ್ಕ ಬೇರೆ. ಓಡಿಸುವ ಆಸೆ ಇದ್ದವರು ಮುಂದೆ ಓದಿ.

ಎಫ್40ಯ ಪೆಟ್ರೋಲ್ ಇರುವುದು ಎರಡು ಪಕ್ಕದ ರಬ್ಬರ್ ಚೀಲಗಳಲ್ಲಿ, ರೇಸ್ ಕಾರಿನ ಹಾಗೆ. ಎರಡೂ ಸೇರಿ ಸುಮಾರು 120 ಲೀಟರ್. ಈ ಚೀಲಗಳಿಗೆ ವಯಸ್ಸಾಗುವುದು ಕಿಲೋಮೀಟರಿನಿಂದಲ್ಲ, ವರ್ಷಗಳಿಂದ. ಹತ್ತು ವರ್ಷದ ಆಸುಪಾಸಿಗೆ ಬದಲಿಸಬೇಕು; ಇಂಧನ ಯಾವುದು, ಕಾರು ಎಲ್ಲಿ ನಿಂತಿತ್ತು ಎಂಬುದರ ಮೇಲೆ ಸ್ವಲ್ಪ ಹಿಂದೆಮುಂದೆ ಆಗಬಹುದು. ಬದಲಿಸದಿದ್ದರೆ ರಬ್ಬರ್ ಸೀಳಿ ಜಿನುಗುತ್ತದೆ, ಒಳಗಿನ ಸ್ಪಂಜು ಪುಡಿಯಾಗಿ ಫಿಲ್ಟರ್ ಕಟ್ಟುತ್ತದೆ. 1.1 ಬಾರ್ ಒತ್ತಡದಲ್ಲಿ ಗಾಳಿ ತುಂಬುವ ಎರಡು ಟರ್ಬೊಗಳಿರುವ ಎಂಜಿನ್‌ಗೆ, ಆ ಒತ್ತಡ ಪೂರ್ತಿ ಇರುವಾಗ ಪೆಟ್ರೋಲ್ ಕಡಿಮೆ ಬಿದ್ದರೆ ಪಿಸ್ಟನ್ನೇ ಕರಗಬಹುದು. ಟೈಮಿಂಗ್ ಬೆಲ್ಟ್, ಟರ್ಬೊ ಹೋಸ್‌ಗಳು, ಬ್ರೇಕ್ ಸೀಲ್‌ಗಳದ್ದೂ ಇದೇ ಕತೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಇವು ಒಣಗುತ್ತವೆ. ಆಗಾಗ ಓಡಿದ ಕಾರಿನಲ್ಲಿ ಯಾರಾದರೂ ಬಿಲ್ ಕೊಟ್ಟು ಬದಲಿಸಿಯೇ ಇರುತ್ತಾರೆ. ಆ ಬಿಲ್ಲುಗಳನ್ನೇ ಕೇಳಿ. ಪ್ರತಿ ಬಿಲ್ಲಿನ ಮೇಲೆ ದಿನಾಂಕವೂ ಮೀಟರ್ ಅಂಕಿಯೂ ಇರುತ್ತದೆ. ಅವನ್ನು ಸಾಲಾಗಿ ಜೋಡಿಸಿದರೆ ಮೀಟರಿನ ಸಂಪರ್ಕ ತಪ್ಪಿಸಿ ಓಡಿಸಿದ್ದಾರೋ ಇಲ್ಲವೋ ಬಹುಮಟ್ಟಿಗೆ ತಿಳಿಯುತ್ತದೆ.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಡಾಟ್ (DOT) ಗುರುತಿನ ಕೊನೆಯ ಅಂಕಿಗಳನ್ನು ಓದಿ. 2319 ಅಂದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು. ಅದರ ಗ್ರೂವ್ ಹೊಸದರಂತೆ ಕಂಡರೂ ಪ್ರದರ್ಶನಕ್ಕೆ ಮಾತ್ರ. ಈ ಕಾರಿನಲ್ಲಿ ಎಬಿಎಸ್ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ಪೆಡಲ್ ಒತ್ತುವ ಬಲ ಹೆಚ್ಚಿಸುವ ಸರ್ವೊ ಸಹಾಯವೂ ಬ್ರೇಕಿಗೆ ಇಲ್ಲ. ಗಟ್ಟಿಯಾದ ರಬ್ಬರಿನ ಮೇಲೆ 478 ಕುದುರೆಗಳನ್ನು ಬಿಡುವುದು ಬೇಡ.

ಇವಿಷ್ಟೂ ಇಲ್ಲದಿರುವುದೇ ಅಭಿಮಾನಿಗಳಿಗೆ ಪ್ರೀತಿ. ಬಾಗಿಲು ತೆರೆಯಲು ಒಂದು ತಂತಿ, ನೆಲಕ್ಕೆ ಕಾರ್ಪೆಟ್ ಇಲ್ಲ, ಗೇರಿಗೆ ತೆರೆದ ಲೋಹದ ಗೇಟ್. ಬರೀ ತಯಾರಾದ ಕಾರುಗಳ ಸಂಖ್ಯೆ ಕಡಿಮೆ ಇದ್ದುದಕ್ಕೇ ಬೆಲೆ ಬರುವುದಾದರೆ, 300 ಕೂಡ ದಾಟದ ಜಾಗ್ವಾರ್ ಎಕ್ಸ್‌ಜೆ220ಯು 1,300ಕ್ಕೂ ಹೆಚ್ಚು ತಯಾರಾದ ಎಫ್40ಯನ್ನು ಹಿಂದೆ ಹಾಕಬೇಕಿತ್ತು. ಆಗಿಲ್ಲ. ಜಾಗ್ವಾರ್ ಮೊದಲು ತೋರಿಸಿದ್ದು ಹನ್ನೆರಡು ಸಿಲಿಂಡರಿನ ವಿ12 ಎಂಜಿನ್, ಕೊಟ್ಟದ್ದು ಆರು ಸಿಲಿಂಡರಿನ ಟರ್ಬೊ ವಿ6. ಅದನ್ನು ಕೊಳ್ಳುವವರು ಇವತ್ತಿಗೂ ಮರೆತಿಲ್ಲ.

ಕಾರನ್ನು ನೋಡಲು ಹೋದಾಗ ಹೊಳಪಿಗೆ ಮರುಳಾಗಬೇಡಿ. ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ತೆಳು ಕೆಂಪು ಬಣ್ಣದಡಿ ಕಾರ್ಬನ್-ಕೆವ್ಲಾರ್ ನೇಯ್ಗೆ ಕಾಣಬೇಕು. ಒಂದು ಪ್ಯಾನೆಲ್ ಮಾತ್ರ ಕನ್ನಡಿಯಂತೆ ನುಣುಪಾಗಿದ್ದರೆ ಅದಕ್ಕೆ ಮತ್ತೆ ಬಣ್ಣ ಬಿದ್ದಿರಬಹುದು, ಅಡಿಯಲ್ಲಿ ರಿಪೇರಿಯೂ ಇರಬಹುದು. ಬಣ್ಣದ ದಪ್ಪ ಅಳೆಯುವ ಸಾಧಾರಣ ಪೇಂಟ್ ಗೇಜ್ ಲೋಹದ ಮೇಲಷ್ಟೇ ಅಳೆಯುತ್ತದೆ. ಇಲ್ಲಿ ಅಲ್ಟ್ರಾಸಾನಿಕ್ ಗೇಜ್ ಬೇಕು. ಆಮೇಲೆ ಬಾಗಿಲ ಕೆಳಗಿನ ಹೊಸ್ತಿಲಿನಲ್ಲಿ ಭಾಗಗಳು ಕೂಡುವ ಜಾಗಗಳನ್ನು ನೋಡಿ. ಕಾರ್ಖಾನೆಯವರು ಹಾಕಿದ ಹಸಿರು ಅಂಟು ಅಲ್ಲಲ್ಲಿ ಹೊರಗೆ ಉಕ್ಕಿರುತ್ತದೆ. ಅಸಹ್ಯವೇ ಸರಿ, ಆದರೆ ಅದು ಇರಬೇಕು. ಯಾರೋ ನೀಟಾಗಿ ಕೆರೆದು ತೆಗೆದಿದ್ದರೆ ಏಕೆಂದು ಕೇಳಿ. ಚಾಸಿ, ಎಂಜಿನ್, ಗೇರ್‌ಬಾಕ್ಸ್ ಸಂಖ್ಯೆಗಳು ಫೆರಾರಿ ಕ್ಲಾಸಿಕೆಯ (ಹಳೆಯ ಕಾರುಗಳಿಗೆ ಪ್ರಮಾಣಪತ್ರ ಕೊಡುವ ಫೆರಾರಿಯದೇ ವಿಭಾಗ) ದಾಖಲೆಗೆ ಹೊಂದಬೇಕು ಎಂಬುದನ್ನು ಹೇಳಬೇಕಾಗಿಲ್ಲ.

ಮಾರುವವರಿಗೆ ಹಿಂದಿನ ದಿನವೇ ತಿಳಿಸಿ: ಎಂಜಿನ್ ಬಿಸಿ ಮಾಡಿಡಬೇಡಿ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಅದಕ್ಕೂ ಮುಂಚೆ ಹಿಂದಿನ ಚಕ್ರಗಳ ಮುಂದೆ ಬಗ್ಗಿ ಪೆಟ್ರೋಲ್ ವಾಸನೆ ನೋಡಿ. ವಾಸನೆ ಬಂದರೆ ಕೀಲಿ ತಿರುಗಿಸುವುದೇ ಬೇಡ. ಚೀಲ ಬದಲಿಸಿದ ದಿನಾಂಕ ಕೇಳಿ. ಬಿಲ್ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಿಂದ ಕಳೆದೇ ಚೌಕಾಸಿಗೆ ಕೂರಿ.