ಪದ ಪರಿಚಯ: ಕಾನ್‌ಫ್ಲಿಕ್ಟ್ಸ್

ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ತಂತ್ರಾಂಶಗಳು ಪ್ಯಾಕೇಜ್‌ಗಳಾಗಿ ಬರುತ್ತವೆ. ಪ್ಯಾಕೇಜಿನ ವಿವರ ಬರೆದಿರುವ ಕಂಟ್ರೋಲ್ ಫೈಲ್ ತೆರೆದರೆ, ಅದಕ್ಕೆ ಬೇಕಾದ ಇತರ ಪ್ಯಾಕೇಜ್‌ಗಳನ್ನು ಹೇಳುವ ‘ಡಿಪೆಂಡ್ಸ್’ ಜೊತೆಗೆ ಕೆಲವೊಮ್ಮೆ ‘ಕಾನ್‌ಫ್ಲಿಕ್ಟ್ಸ್’ ಎಂಬ ಸಾಲೂ ಕಾಣುತ್ತದೆ. ಆ ಸಾಲಿನಲ್ಲಿ ಹೆಸರಿಸಿದ ಪ್ಯಾಕೇಜ್ ಸಿಸ್ಟಮ್‌ನಲ್ಲಿ ಇರುವವರೆಗೂ ಹೊಸದನ್ನು ಬಿಚ್ಚಿ ಸ್ಥಾಪಿಸಲು ಡಿಪಿಕೆಜಿ ಎಂಬ ಪ್ಯಾಕೇಜ್ ಸಾಧನ ಒಪ್ಪುವುದಿಲ್ಲ. ಫೆಡೋರಾದಂಥ ಬೇರೆ ಲಿನಕ್ಸ್‌ಗಳು ಬಳಸುವ ಆರ್‌ಪಿಎಂ ಪ್ಯಾಕೇಜಿನಲ್ಲೂ ಇದೇ ಹೆಸರಿನ ಟ್ಯಾಗ್ ಇದೆ. ಆದರೆ ಅದನ್ನು ಆದಷ್ಟು ತಪ್ಪಿಸಿ ಎಂಬುದು ಫೆಡೋರಾದ ನಿಯಮಾವಳಿಯ ನಿಲುವು. ಆ ನಿಲುವು ಸರಿಯೆಂದೇ ನನ್ನ ಅನಿಸಿಕೆ. ಕಾರಣ ಬೇಕಿದ್ದರೆ ವೆಬ್ ಸರ್ವರಿಗೆ ಸೇರಿಸುವ ಬಿಡಿಭಾಗಗಳಾದ ಮಾಡ್ಯೂಲ್‌ಗಳನ್ನೇ ನೋಡಬಹುದು.

ಅಪಾಚೆ ಎಂಬ ವೆಬ್ ಸರ್ವರಿಗೆ ಬರುವ ಕೋರಿಕೆಗಳನ್ನು ಪ್ರೋಸೆಸ್‌ಗಳಿಗೆ, ಥ್ರೆಡ್‌ಗಳಿಗೆ ಹಂಚುವ ಭಾಗಕ್ಕೆ ಎಂಪಿಎಂ (ಮಲ್ಟಿ-ಪ್ರೋಸೆಸಿಂಗ್ ಮಾಡ್ಯೂಲ್) ಎನ್ನುತ್ತಾರೆ. ಪ್ರಿಫೋರ್ಕ್, ವರ್ಕರ್, ಇವೆಂಟ್ ಎಂದು ಮೂರು ಬಗೆ. ಒಂದು ಸರ್ವರ್ ಓಡುವಾಗ ಇವುಗಳಲ್ಲಿ ಒಂದೇ ಇರಬೇಕು. ಉಳಿದವುಗಳ ಜೊತೆ ಅದರದು ಎಣ್ಣೆ ಸೀಗೆಕಾಯಿ ಸಂಬಂಧ. ಅಪಾಚೆಯ 2.2 ಆವೃತ್ತಿಯ ಕಾಲದಲ್ಲಿ ಎಂಪಿಎಂ ಯಾವುದೆಂದು ಕಂಪೈಲ್ ಮಾಡುವಾಗಲೇ ತೀರ್ಮಾನವಾಗುತ್ತಿತ್ತು. ಹಾಗಾಗಿ ಡೆಬಿಯನ್ ಒಂದೊಂದಕ್ಕೂ ಬೇರೆ ಪ್ಯಾಕೇಜ್ ಮಾಡಿ, ಪರಸ್ಪರ ಕಾನ್‌ಫ್ಲಿಕ್ಟ್ಸ್ ಬರೆದಿತ್ತು. ವರ್ಕರ್ ಓಡುತ್ತಿದ್ದ ಸರ್ವರಿಗೆ ಪಿಎಚ್‌ಪಿ ಮಾಡ್ಯೂಲ್ ಹಾಕಲು ಹೋದರೆ ಅದು ಪ್ರಿಫೋರ್ಕ್ ಕೇಳುತ್ತಿತ್ತು. ಪ್ರಿಫೋರ್ಕ್ ಒಳಗೆ ಬಂದರೆ ವರ್ಕರ್ ಹೊರಗೆ. ಪ್ಯಾಕೇಜ್ ತರಿಸಿ ಹಾಕುವ ಆಪ್ಟ್ ಎಂಬ ಸಾಧನ ತೋರಿಸುವ ‘ತೆಗೆಯಲಾಗುವ ಪ್ಯಾಕೇಜ್‌ಗಳು’ ಪಟ್ಟಿಯನ್ನು ಓದದೆ ‘ವೈ’ ಒತ್ತಿದವರ ಸರ್ವರಿನ ಸ್ವಭಾವವೇ ಬದಲಾಗಿಬಿಡುತ್ತಿತ್ತು.

2012ರಲ್ಲಿ ಬಂದ 2.4 ಆವೃತ್ತಿಯಿಂದ ಎಂಪಿಎಂಗಳನ್ನೂ ಬೇಕಾದಾಗ ಲೋಡ್ ಮಾಡುವ ಮಾಡ್ಯೂಲ್‌ಗಳಾಗಿ ಕಟ್ಟಬಹುದು. ಮೂರೂ ಫೈಲ್‌ಗಳು ಡಿಸ್ಕಿನ ಒಂದೇ ಫೋಲ್ಡರಿನಲ್ಲಿ ತಣ್ಣಗೆ ಬಿದ್ದಿರುತ್ತವೆ, ಜಗಳವೇನಿದ್ದರೂ ಲೋಡ್ ಆಗುವಾಗ. ಅದಕ್ಕೇ ಡೆಬಿಯನ್ ನಿರ್ಬಂಧವನ್ನು ಅಲ್ಲಿಗೇ ಸಾಗಿಸಿತು. ‘ಮಾಡ್ಸ್-ಅವೈಲಬಲ್’ ಫೋಲ್ಡರಿನಲ್ಲಿರುವ ಇವೆಂಟ್‌ನ ಲೋಡ್ ಫೈಲ್ ತೆರೆದರೆ, ಹ್ಯಾಷ್ ಗುರುತಿನ ಮುಂದೆ ‘ಕಾನ್‌ಫ್ಲಿಕ್ಟ್ಸ್’ ಎಂದು ಬರೆದು ಉಳಿದೆರಡರ ಹೆಸರು ಕೊಟ್ಟಿರುತ್ತದೆ. ಅಪಾಚೆಗೆ ಅದು ಬರೀ ಕಾಮೆಂಟ್. ಓದುವುದು ಮಾಡ್ಯೂಲನ್ನು ಸಕ್ರಿಯಗೊಳಿಸುವ ಎ2ಎನ್‌ಮಾಡ್ ಎಂಬ ಸ್ಕ್ರಿಪ್ಟ್: ಎದುರಾಳಿ ಆಗಲೇ ಸಕ್ರಿಯವಾಗಿದ್ದರೆ ಮೊದಲು ಅದನ್ನು ತೆಗೆಯಿರಿ ಎಂದು ಹೇಳಿ ನಿಂತುಬಿಡುತ್ತದೆ. ಸ್ಕ್ರಿಪ್ಟಿನ ಗೊಡವೆ ಬೇಡವೆಂದು ಕೈಯಾರೆ ಸಿಮ್‌ಲಿಂಕ್ (ಲೋಡ್ ಫೈಲಿಗೆ ಕೊಂಡಿ) ಹಾಕಿದರೆ ಈ ಕಾವಲು ಇರುವುದಿಲ್ಲ. ಒಂದಕ್ಕಿಂತ ಹೆಚ್ಚು ಎಂಪಿಎಂ ಲೋಡ್ ಆಗಿದೆ ಎಂಬ ಎಎಚ್00534 ದೋಷ ತೋರಿಸಿ ಅಪಾಚೆ ಏಳುವುದೇ ಇಲ್ಲ. ಫೆಡೋರಾದ ದಾರಿ ಇನ್ನೂ ಸರಳ: ‘00-ಎಂಪಿಎಂ’ ಎಂಬ ಒಂದೇ ಕಾನ್ಫಿಗ್ ಫೈಲ್, ಅದರಲ್ಲಿ ಬೇಕಾದ ಸಾಲಿನ ಹ್ಯಾಷ್ ತೆಗೆಯಬೇಕು, ಬೇಡದ್ದಕ್ಕೆ ಹಾಕಬೇಕು.

ಕೆಲವು ತಿಕ್ಕಾಟಗಳಿಗೆ ಇಷ್ಟೂ ಬೇಡ. ಮಾಡ್_ಎಸ್‌ಎಸ್‌ಎಲ್, ಮಾಡ್_ಎನ್‌ಎಸ್‌ಎಸ್ ಎರಡೂ ಎಚ್‌ಟಿಟಿಪಿಎಸ್ ನಿಭಾಯಿಸುವ ಮಾಡ್ಯೂಲ್‌ಗಳೇ. ಮೊದಲನೆಯದು 443ನೇ ಪೋರ್ಟಿನಲ್ಲಿ ಕೂತಿರುತ್ತದೆಂದು ಎರಡನೆಯದರ ಮೂಲ ಕಾನ್ಫಿಗ್‌ನಲ್ಲಿ 8443 ಕೊಟ್ಟರು.

ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರಿನದು ಬೇರೆಯೇ ತಾಪತ್ರಯ. 2016ರ 1.9.11 ಆವೃತ್ತಿಯಿಂದ ಅದೂ ಮಾಡ್ಯೂಲ್‌ಗಳನ್ನು ಲೋಡ್ ಮಾಡಿಕೊಳ್ಳುತ್ತದೆ, ಆದರೆ ಬೇರೆ ಆವೃತ್ತಿಗೆಂದು ಕಂಪೈಲ್ ಮಾಡಿದ್ದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಲ್ಲಿ ಕಾನ್‌ಫ್ಲಿಕ್ಟ್ಸ್ ಬರೆದು ಪ್ರಯೋಜನವಿಲ್ಲ. ಡೆಬಿಯನ್‌ನಲ್ಲಿ ಎಂಜಿನ್‌ಎಕ್ಸ್ ತನ್ನ ಎಬಿಐ (ಕಂಪೈಲ್ ಆದ ಮಾಡ್ಯೂಲ್ ಸರ್ವರಿಗೆ ಹೊಂದುವ ಬಗೆ) ಹೆಸರಿನ ವರ್ಚುಯಲ್ ಪ್ಯಾಕೇಜನ್ನು, ಅಂದರೆ ಹೆಸರಿಗಷ್ಟೇ ಇರುವ ಪ್ಯಾಕೇಜನ್ನು ಒದಗಿಸುತ್ತದೆ, ಮಾಡ್ಯೂಲ್ ಅದನ್ನೇ ‘ಡಿಪೆಂಡ್ಸ್’ ಸಾಲಿನಲ್ಲಿ ಕೇಳುತ್ತದೆ.