ಫರೋಹನ ಹೃದಯವನ್ನು ಕಠಿಣ ಮಾಡಿದವರು ಯಾರು?

ಪ್ರಶ್ನೆ: ಫರೋಹನ ಹೃದಯವನ್ನು ದೇವರೇ ಕಠಿಣಪಡಿಸಿದ ಮೇಲೆ ಅವನ ತಪ್ಪೇನು? ಹತ್ತು ಬಾಧೆಗಳ ಶಿಕ್ಷೆ ಅವನಿಗೇಕೆ?

ಬೈಬಲಿನ ವಿಮೋಚನಕಾಂಡದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು 5ರಿಂದ 14ರವರೆಗಿನ ಅಧ್ಯಾಯಗಳನ್ನು ಒಂದೇ ಓಟದಲ್ಲಿ ಓದಿಲ್ಲವೆಂಬುದು ಪ್ರಶ್ನೆಯ ಧಾಟಿಯಲ್ಲೇ ತಿಳಿದುಬಿಡುತ್ತದೆ. ಕಥೆ ಒಂದೇ ಮಾತಿನಲ್ಲಿ: ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸರಾಗಿದ್ದ ಇಸ್ರಾಯೇಲ್ಯರನ್ನು ಬಿಟ್ಟುಕೊಡಬೇಕೆಂದು ದೇವರು ಅವರ ನಾಯಕ ಮೋಶೆಯ ಮೂಲಕ ಅಲ್ಲಿನ ರಾಜ ಫರೋಹನಿಗೆ ಹೇಳಿಸಿದನು; ಅವನು ಒಪ್ಪದಿದ್ದಾಗ ದೇಶದ ಮೇಲೆ ಒಂದಾದ ಮೇಲೊಂದು ಹತ್ತು ಬಾಧೆಗಳು ಬಂದವು. ಇನ್ನು ನೇರವಾಗಿ ಉತ್ತರಕ್ಕೆ ಬರುತ್ತೇನೆ: ಮೊದಲ ಐದು ಬಾಧೆಗಳ ವರದಿಯಲ್ಲಿ, ದೇವರು ಫರೋಹನ ಹೃದಯವನ್ನು ಕಠಿಣಪಡಿಸಿದನೆಂದು ಒಂದು ಕಡೆಯೂ ಬರೆದಿಲ್ಲ.

ಫರೋಹನನ್ನು ಮೊದಲಿನಿಂದಲೂ ಸೂತ್ರದ ಬೊಂಬೆಯಂತೆ ಆಡಿಸಲಾಯಿತು ಎಂಬ ನಂಬಿಕೆ ಎಷ್ಟು ಬೇರೂರಿದೆಯೆಂದರೆ, ವಚನಗಳನ್ನು ಬೆರಳಿಟ್ಟು ತೋರಿಸಿದರೂ ಜನ ತಲೆಯಾಡಿಸಿ ಮರುದಿನ ಅದೇ ಪ್ರಶ್ನೆಯೊಂದಿಗೆ ಬರುತ್ತಾರೆ. ಆದ್ದರಿಂದ ಇನ್ನೊಮ್ಮೆ ನೋಡೋಣ. ನೀರು ರಕ್ತವಾದಾಗ ಅವನ ಹೃದಯ ಕಠಿಣವಾಯಿತು ಎಂದಷ್ಟೇ ಇದೆ. ಕಪ್ಪೆಗಳ ಕಾಟ ತೀರಿದಾಗ ಅವನೇ ತನ್ನ ಹೃದಯವನ್ನು ಮೊಂಡು ಮಾಡಿಕೊಂಡನು. ಹೇನುಗಳು ಬಂದಾಗ ಆಸ್ಥಾನದ ಮಂತ್ರವಾದಿಗಳೇ ಸೋತು, ಇದು ದೇವರ ಕೈಕೆಲಸವೆಂದು ಒಪ್ಪಿಕೊಂಡರೂ ರಾಜನು ಕಿವಿಗೊಡಲಿಲ್ಲ. ನೊಣಗಳು ತೊಲಗಿದ ಮೇಲೆ ಮತ್ತೆ ಅವನೇ ಮೊಂಡು ಮಾಡಿಕೊಂಡನು. ದನಕರುಗಳು ಸತ್ತಾಗಲೂ ಅವನ ಹೃದಯ ಕರಗಲಿಲ್ಲ. ಆರನೆಯದಾದ ಹುಣ್ಣುಗಳ ಬಾಧೆಯಲ್ಲಿ, ಅಂದರೆ 9ನೆಯ ಅಧ್ಯಾಯದ 12ನೆಯ ವಚನದಲ್ಲಿ, ಯೆಹೋವನು (ಅಂದರೆ ದೇವರು) ಫರೋಹನ ಹೃದಯವನ್ನು ಕಠಿಣಪಡಿಸಿದನು ಎಂಬ ಮಾತು ನಡೆದ ಸಂಗತಿಯಾಗಿ ಮೊದಲ ಬಾರಿಗೆ ಬರುತ್ತದೆ.

ಹಾಗಾದರೆ ಫರೋಹನ ಹೃದಯವನ್ನು ಕಠಿಣಪಡಿಸುವೆನೆಂದು ದೇವರು ಹೇಳುವ 4:21 ಮತ್ತು 7:3 (ಅಧ್ಯಾಯ:ವಚನ) ಏನು ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. ಅಲ್ಲಿ ದೇವರು ಮೋಶೆಗೆ ಮುಂದಾಗುವುದನ್ನು ತಿಳಿಸುತ್ತಿದ್ದಾನೆ, ಆಗಿಹೋದದ್ದನ್ನಲ್ಲ. ಇದು ನನ್ನ ಜಾಣತನವೇನೂ ಅಲ್ಲ. 11ನೆಯ ಶತಮಾನದ ಯಹೂದಿ ವ್ಯಾಖ್ಯಾನಕಾರ ರಾಶಿ 7:3ಕ್ಕೆ ಬರೆದ ಟಿಪ್ಪಣಿಯಲ್ಲೇ ಮೊದಲ ಐದು ಬಾಧೆಗಳ ಈ ವ್ಯತ್ಯಾಸವನ್ನು ಎತ್ತಿ ತೋರಿಸಿದ್ದಾನೆ. 12ನೆಯ ಶತಮಾನದ ಯಹೂದಿ ಚಿಂತಕ ಮೈಮೊನಿಡಿಸ್ ಇನ್ನೂ ಮುಂದೆ ಹೋಗಿ, ಫರೋಹನು ಮೊದಲು ತನ್ನ ಇಚ್ಛೆಯಿಂದಲೇ ಪಾಪ ಮಾಡಿದನೆಂದೂ, ಪಶ್ಚಾತ್ತಾಪದ ದಾರಿಯನ್ನು ಮುಚ್ಚಿದ್ದೇ ಅವನಿಗಾದ ಶಿಕ್ಷೆಯೆಂದೂ ವಾದಿಸಿದನು.

ಆ ಪಾಪ ಯಾವುದೆಂದು ತಿಳಿಯಲು 5ನೆಯ ಅಧ್ಯಾಯ ಸಾಕು. ಒಂದು ಬಾಧೆಯೂ ಇನ್ನೂ ಬಂದಿರಲಿಲ್ಲ. ಯೆಹೋವನೆಂಬವನು ಯಾರು, ಅವನ ಮಾತನ್ನು ನಾನೇಕೆ ಕೇಳಬೇಕು ಎಂದ ಫರೋಹನು, ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದನ್ನು ಅಂದೇ ನಿಲ್ಲಿಸಿ, ಇಟ್ಟಿಗೆಗಳ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಬಾರದೆಂದು ಆಜ್ಞಾಪಿಸಿದನು. ಒಲೆಗಳಿಗೂ ಹಿಟ್ಟು ನಾದುವ ಹರಿವಾಣಗಳಿಗೂ ಕಪ್ಪೆಗಳು ನುಗ್ಗಿದ್ದಾಗ, ಅವು ತೊಲಗುವಂತೆ ಯಾವಾಗ ಪ್ರಾರ್ಥಿಸಲಿ ಎಂದು ಮೋಶೆ ಕೇಳಿದರೆ ಅವನು ಕೊಟ್ಟ ಉತ್ತರ “ನಾಳೆ”! ಆಮೇಲಿನದು ಬರೀ ಚೌಕಾಸಿ. ಈ ದೇಶದಲ್ಲೇ ಯಜ್ಞ ಮಾಡಿರಿ, ದೂರ ಹೋಗಬೇಡಿರಿ, ಗಂಡಸರು ಮಾತ್ರ ಹೋಗಲಿ, ಮಕ್ಕಳೂ ಹೋಗಲಿ ಆದರೆ ಕುರಿದನಗಳು ಇಲ್ಲೇ ಇರಲಿ. ಬೊಂಬೆಗಳು ಹೀಗೆ ಚೌಕಾಸಿ ಮಾಡುವುದಿಲ್ಲ.

ಒಂದು ತೊಡಕು ನಿಜವಾಗಿಯೂ ಇದೆ, ಅದನ್ನು ಮುಚ್ಚಿಡಬಾರದು. ಆನೆಕಲ್ಲಿನ ಮಳೆ ನಿಂತಾಗ ಫರೋಹನೇ ಹೃದಯವನ್ನು ಮೊಂಡು ಮಾಡಿಕೊಂಡನೆಂದು 9:34 ಹೇಳಿದರೆ, ಒಂದೇ ವಚನ ಬಿಟ್ಟು 10:1ರಲ್ಲಿ ಅದನ್ನು ಮಾಡಿದವನು ನಾನೇ ಎಂದು ದೇವರು ಹೇಳುತ್ತಾನೆ. ಬರೆದವರು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಯಾವುದನ್ನೂ ತಿದ್ದದೆ ಬಿಟ್ಟಿದ್ದಾರೆ. ಕ್ರೈಸ್ತ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 9ನೆಯ ಅಧ್ಯಾಯದಲ್ಲಿ ದೇವರ ಪಾಲನ್ನೇ ಒತ್ತಿ ಹೇಳಿದ್ದರಿಂದ, ಅದನ್ನು ಮೊದಲು ಓದಿ ಬಂದವರ ಕಣ್ಣಿಗೆ ವಿಮೋಚನಕಾಂಡದ 9:34 ಬೀಳುವುದೇ ಇಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ನನಗೆ ಇದಕ್ಕಿಂತ ಸ್ವಾರಸ್ಯವಾಗಿ ಕಾಣುತ್ತದೆ. ಐದನೆಯ ಬಾಧೆಯಲ್ಲಿ ಐಗುಪ್ತ್ಯರ ಪಶುಗಳೆಲ್ಲ ಸತ್ತಿದ್ದರೆ, ಏಳನೆಯದರಲ್ಲಿ ಆನೆಕಲ್ಲು ಬಡಿದದ್ದು ಯಾವ ಪಶುಗಳಿಗೆ, ಹತ್ತನೆಯದರಲ್ಲಿ ಸತ್ತ ಚೊಚ್ಚಲು ಪಶುಗಳು ಎಲ್ಲಿಂದ ಬಂದವು? ಆ ರೋಗದ ಎಚ್ಚರಿಕೆ ಹೊಲದಲ್ಲಿದ್ದ ಪಶುಗಳಿಗೆ ಮಾತ್ರ ಸಂಬಂಧಿಸಿತ್ತು ಎಂಬುದು ರಾಶಿಯ ಉತ್ತರ. 9:3ರಲ್ಲಿ ಆ ಮಾತು ಇದ್ದೇ ಇದೆ, ಕುದುರೆಗಳ ಹೆಸರೂ ಅಲ್ಲಿ ಬರುತ್ತದೆ. ಆನೆಕಲ್ಲಿನ ಮಳೆಗೆ ಮುಂಚೆ, ಫರೋಹನ ಸೇವಕರಲ್ಲೇ ಯೆಹೋವನ ಮಾತಿಗೆ ಹೆದರಿದವರು ತಮ್ಮ ಆಳುಗಳನ್ನೂ ಪಶುಗಳನ್ನೂ ಮನೆಯೊಳಕ್ಕೆ ಓಡಿಸಿ ಉಳಿಸಿಕೊಂಡರು. 14ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರನ್ನು ಬೆನ್ನಟ್ಟಿದ 600 ಶ್ರೇಷ್ಠ ರಥಗಳನ್ನು ಎಳೆದದ್ದು ಹೀಗೆ ಉಳಿದ ಪಶುಗಳೇ ಎನ್ನುತ್ತಾನೆ ರಾಶಿ.