ಕೈಯಲ್ಲಿ ಫ್ಲಶ್ ಡ್ರಾ, ಎದುರಿಗೆ ಗಟ್ಟಿ ಆಟಗಾರ: ಶೇ 35ರ ಲೆಕ್ಕ ಎಲ್ಲಿ ಕೈಕೊಡುತ್ತದೆ?

ಪೋಕರ್‌ನಲ್ಲಿ ಔಟ್ಸ್ (ಬಂದರೆ ನಮ್ಮ ಕೈ ಗೆಲ್ಲಿಸುವ ಎಲೆಗಳು) ಎಣಿಸೋದು, ಪಾಟ್ ಆಡ್ಸ್ (ನಾವು ಹಾಕುವುದು ಪಾಟ್‌ನ, ಅಂದರೆ ಮಧ್ಯದ ರಾಶಿಯ, ಶೇಕಡಾ ಎಷ್ಟೋ ಅಷ್ಟಾದರೂ ಗೆಲ್ಲುವ ಅವಕಾಶ ಬೇಕು ಅನ್ನೋ ಲೆಕ್ಕ) ಹಾಕೋದು ಗೊತ್ತಿರುವವರಿಗೆ ಈ ಟಿಪ್ಪಣಿ. ಜಯನಗರದಲ್ಲಿ ನಾವೊಂದಷ್ಟು ಗೆಳೆಯರು ವಾರಾಂತ್ಯ ಸೇರಿ ನೋ-ಲಿಮಿಟ್ ಹೋಲ್ಡೆಮ್ (ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್) ಕಲಿಯುತ್ತಿದ್ದೇವೆ. ಬರೀ ಪ್ಲಾಸ್ಟಿಕ್ ಚಿಪ್ಸ್, ದುಡ್ಡಿಲ್ಲ. (2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದ ಮೇಲೆ ದುಡ್ಡಿಟ್ಟು ಆನ್‌ಲೈನ್ ಆಡುವ ಮಾತೂ ಇಲ್ಲ.) ಗುಂಪಿನಲ್ಲಿ ಇಬ್ಬರು ನಿಜಕ್ಕೂ ಚೆನ್ನಾಗಿ ಆಡುತ್ತಾರೆ. ಅವರ ಎದುರು ಡ್ರಾ (ಇನ್ನೊಂದು ಎಲೆ ಬಂದರೆ ಪೂರ್ತಿಯಾಗುವ ಕೈ) ಹಿಡಿದು ಕೂತರೆ ಮಾಮೂಲಿ ಲೆಕ್ಕ ಸಾಲೋದಿಲ್ಲ.

ಒಂದು ಕೈ

ನನ್ನ ಹತ್ತಿರ ಆಟೀನು 7 ಮತ್ತು 6. ಫ್ಲಾಪ್‌ನಲ್ಲಿ, ಅಂದರೆ ಮೇಜಿನ ಮೊದಲ ಮೂರು ಎಲೆಗಳಲ್ಲಿ, ಆಟೀನು ರಾಜ, ಕಳಾವರ್ ರಾಣಿ, ಆಟೀನು 2. ಪಾಟ್‌ನಲ್ಲಿ 1000 ಇದೆ. ಎದುರಾಳಿ 750 ಹಾಕಿದ.

ಕಾಲ್ ಮಾಡಿದರೆ, ಅಂದರೆ ನಾನೂ ಅಷ್ಟೇ ಹಾಕಿದರೆ, ಪಾಟ್ 2500 ಆಗುತ್ತದೆ. 750ನ್ನು 2500ರಿಂದ ಭಾಗಿಸಿದರೆ ಶೇ 30. ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆ) 9 ಔಟ್ಸ್, ಅಂದಾಜಿಗೆ ನಾಲ್ಕರಿಂದ ಗುಣಿಸಿದರೆ 36. ನಿಖರವಾಗಿ ಶೇ 35. ಬೇಕಾಗಿದ್ದು 30, ಇರೋದು 35. ಹಾಗಾದರೆ ಕಾಲ್ ಮಾಡಬಹುದು, ಅಲ್ವಾ?

ಇಲ್ಲ. ಆ 35 ಟರ್ನ್ (ಮೇಜಿನ ನಾಲ್ಕನೇ ಎಲೆ), ರಿವರ್ (ಐದನೆಯದು) ಎರಡೂ ಎಲೆ ನೋಡೋದಕ್ಕೆ. 750 ಕೊಟ್ಟರೆ ಸಿಗೋದು ಟರ್ನ್ ಎಲೆ ಮಾತ್ರ. ಜಯನಗರದಿಂದ ಹೆಬ್ಬಾಳಕ್ಕೆ ಹೊರಟು ಮೆಜೆಸ್ಟಿಕ್ ತನಕ ಟಿಕೆಟ್ ತಗೊಂಡ ಹಾಗೆ ಇದು. ಮುಂದಿನ ಬಸ್ಸಿಗೆ ಮತ್ತೆ ಕಾಸು ಬಿಚ್ಚಬೇಕು. ಮೆತ್ತಗಿನ ಆಟಗಾರ ಟರ್ನ್‌ನಲ್ಲಿ ಹೆದರಿ ಚೆಕ್ ಮಾಡಿ (ಏನೂ ಹಾಕದೆ) ಪುಕ್ಕಟೆ ಕರೆದುಕೊಂಡು ಹೋಗುತ್ತಾನೆ. ಗಟ್ಟಿ ಆಟಗಾರ ಅಷ್ಟು ಸುಲಭಕ್ಕೆ ಬಿಡೋದಿಲ್ಲ. ಟರ್ನ್‌ನಲ್ಲೂ ದೊಡ್ಡದಾಗಿ ಹಾಕುತ್ತಾನೆ.

ಹಾಗಾಗಿ ಒಂದೇ ಎಲೆಯ ಲೆಕ್ಕ ಹಾಕಬೇಕು. ಕಾಣದ 47 ಎಲೆಗಳಲ್ಲಿ 9 ನಮ್ಮವು. ಶೇ 19.

ಕೊರತೆ ಎಷ್ಟು?

ನನಗೆ ಎಲ್ಲಕ್ಕಿಂತ ಜಾಸ್ತಿ ತಲೆ ತಿಂದಿದ್ದು ಇದು. "ಈಗ ಸಾಲದಿದ್ದರೂ ಫ್ಲಶ್ ಬಂದ ಮೇಲೆ ಇನ್ನೂ ಗೆಲ್ಲುತ್ತೇನೆ" ಅನ್ನೋದೇ ಇಂಪ್ಲೈಡ್ ಆಡ್ಸ್. ಆದರೆ "ಇನ್ನೂ" ಅಂದರೆ ಎಷ್ಟು? ಸುಮ್ನೆ ಅಂದಾಜಿಗೆ ಬಿಡಬೇಡಿ, ಸಂಖ್ಯೆ ಬರೆದುಕೊಳ್ಳಿ.

38 ಎಲೆ ನಮ್ಮ ವಿರುದ್ಧ, 9 ನಮ್ಮ ಪರ. ಅಂದರೆ 4.22ಕ್ಕೆ 1. ನಾನು 750 ಹಾಕುತ್ತಿದ್ದೇನೆ, ಸರಿಸಮ ಆಗಬೇಕಾದರೆ ಗೆದ್ದಾಗ 750 × 4.22, ಸುಮಾರು 3167 ಬರಬೇಕು. ಪಾಟ್‌ನಲ್ಲಿ ಈಗಾಗಲೇ ಇರೋದು 1750. ಕೊರತೆ 1417.

ಪ್ರತಿ ಸಲ ಫ್ಲಶ್ ಬಂದಾಗಲೂ ಸರಾಸರಿ 1417 ಅವನ ಕೈಯಿಂದ ಹೊರಡಿಸಬೇಕು. ಆದರೆ ಮೂರನೇ ಆಟೀನು ಬಿದ್ದಿದ್ದು ಅವನಿಗೂ ಕಾಣುತ್ತದೆ! ಅವನು ಚೆಕ್ ಮಾಡುತ್ತಾನೆ, ನಾನು ಹಾಕಿದರೆ ಎಷ್ಟೋ ಸಲ ಮಡಚಿ ಎಸೆಯುತ್ತಾನೆ. ಎರಡರಲ್ಲಿ ಒಂದು ಸಲ ಮಾತ್ರ ಕೊಡುತ್ತಾನೆ ಅಂದರೆ, ಕೊಟ್ಟಾಗ 2834 ಕೊಡಬೇಕು. ಅದು 2500ರ ಪಾಟ್‌ಗಿಂತ ದೊಡ್ಡದು. ಅವನ ಹತ್ತಿರ ಆಟೀನು ಎಕ್ಕ ಇರುವ ಫ್ಲಶ್ ಇದ್ದರಂತೂ ನಾನೇ ಕೊಟ್ಟು ಬರಬೇಕು. 7-6ರ ಫ್ಲಶ್ ನೋಡೋಕೆ ಚೆಂದ, ಅಷ್ಟೇ.

ಸ್ಟ್ರೇಟ್ (ಸಾಲಾಗಿ ಐದು ಎಲೆ) ಡ್ರಾ ಈ ವಿಷಯದಲ್ಲಿ ಸ್ವಲ್ಪ ವಾಸಿ. ಸಾಲಾಗಿ ನಾಲ್ಕು ಎಲೆ ಇದ್ದು ಎರಡೂ ತುದಿ ತೆರೆದಿದ್ದರೆ 8 ಔಟ್ಸ್, ಒಂದು ಎಲೆಗೆ ಶೇ 17. ಅವಕಾಶ ಕಡಿಮೆ, ಆದರೆ ಮೇಜಿನ ಎಲೆ ನೋಡಿದ ತಕ್ಷಣ ಕಣ್ಣಿಗೆ ಹೊಡೆಯೋದಿಲ್ಲ.

ಹಾಗಾದರೆ ರೈಸ್ (ಅವನಿಗಿಂತ ಜಾಸ್ತಿ ಹಾಕೋದು)?

ಇದು ನನ್ನ ಮೆಚ್ಚಿನ ಲೆಕ್ಕ. ಇಬ್ಬರ ಮುಂದೆಯೂ 3000 ಇತ್ತು ಅಂದುಕೊಳ್ಳಿ, ಅವನ 750 ಅದರಲ್ಲೇ ಸೇರಿದೆ. ಅವನ 750ರ ಮೇಲೆ ನಾನು ಆಲ್ ಇನ್ ಹೋದೆ, ಮುಂದಿದ್ದ ಚಿಪ್ಸ್ ಎಲ್ಲ ಹಾಕಿದೆ. ಇದು ಬಸ್ಸಿನ ಡೇ ಪಾಸ್ ತಗೊಂಡ ಹಾಗೆ. ಈಗ ಎರಡೂ ಎಲೆ ನಮ್ಮವು, 35 ನಿಜವಾಗಿಯೂ 35.

ಅವನು ಫೋಲ್ಡ್ ಮಾಡಿದರೆ (ಎಲೆ ಎಸೆದು ಬಿಟ್ಟರೆ) 1750 ನನ್ನದು. ಕಾಲ್ ಮಾಡಿದರೆ ಪಾಟ್ 7000, ಅದರ ಶೇ 35 ಅಂದರೆ 2450. ಹಾಕಿದ್ದು 3000, ಸರಾಸರಿ ನಷ್ಟ 550. 550ನ್ನು 1750+550ರಿಂದ ಭಾಗಿಸಿ: ಶೇ 24. ನೂರಕ್ಕೆ 24 ಸಲ ಅವನು ಬಿಟ್ಟರೆ ಸಾಕು, ಸರಿಸಮ. ಡ್ರಾ ಇಲ್ಲದೆ, ಗೆಲ್ಲುವ ಎಲೆಯೇ ಇಲ್ಲದೆ ಇದೇ ಆಟ ಆಡಿದರೆ ಶೇ 63 ಬೇಕಾಗುತ್ತಿತ್ತು.

ಒಳ್ಳೆಯ ಆಟಗಾರನ ವಿರುದ್ಧವೇ ಇದು ಜಾಸ್ತಿ ಕೆಲಸ ಮಾಡುತ್ತದೆ. ಅವನಿಗೆ ಒಂದು ಜೋಡಿ ಬಿಟ್ಟುಕೊಡೋಕೆ ಬರುತ್ತದೆ. ಏನು ಹಾಕಿದರೂ ಕಾಲ್ ಮಾಡುವವನ ಮುಂದೆ ಇದನ್ನು ಮಾಡಬೇಡಿ. ಅವನೆದುರು ಕಾಯಿರಿ, ನಿಮ್ಮ ಫ್ಲಶ್ ಆಗಲಿ, ಆಮೇಲೆ ವಸೂಲಿ ಮಾಡಿ.

ಎರಡು ಎಚ್ಚರಿಕೆ. ಅವನಿಗೆ ಮೂರು ರಾಜರು ಸೇರಿದ್ದರೆ ನನ್ನ ಪಾಲು ಸುಮಾರು ಶೇ 25ಕ್ಕೆ ಇಳಿಯುತ್ತದೆ. ಅವನು ಕಾಲ್ ಮಾಡುವ ಕೈಗಳೆಲ್ಲ ಅಂಥವೇ ಆದರೆ ಶೇ 42 ಸಲ ಬಿಡಬೇಕು. ಇನ್ನೊಂದು, ಸಣ್ಣ ರೈಸ್. ಆಲ್ ಇನ್ ಬದಲು 2000ಕ್ಕೆ ಏರಿಸಿ ನಿಲ್ಲಿಸಿದರೆ ಉಳಿದ 1000ಕ್ಕೆ ಅವನೇ ತಳ್ಳುತ್ತಾನೆ, ನಾವು ಹೇಗೂ ಕಾಲ್ ಮಾಡಲೇಬೇಕು. ಅವನನ್ನು ಹೆದರಿಸುವ ಅವಕಾಶ ಮಾತ್ರ ಹೋಯಿತು.

ಮುಂದಿರುವ ಚಿಪ್ಸ್

24 ಬಂದಿದ್ದು 3000ಕ್ಕೆ. ಅದೇ 10,000 ಇದ್ದರೆ? ಪಾಟ್ 21,000, ನನ್ನ ಪಾಲು 7350, ನಷ್ಟ 2650. ಅವನು ಶೇ 60 ಸಲ ಬಿಡಬೇಕು. ಅಷ್ಟೊಂದು ಬಿಡುವವನು ಗಟ್ಟಿ ಆಟಗಾರನೇ ಅಲ್ಲ. 5000ಕ್ಕೆ ನೀವೇ ಹಾಕಿ ನೋಡಿ. ನನಗೆ ಹತ್ತಿರ ಹತ್ತಿರ ಶೇ 40 ಬಂತು.